ತೆರಿಗೆಯ ಗ್ರಾಫ್‌ಗೆ ಸ್ಲೋಪ್ ಎಲ್ಲಿದೆ? ಬೊಜ್ಜು ತಡೆಯೋ ಕಾನೂನುಗಳ ಬಗ್ಗೆ ಒಂದು ಪಾಠ

ಕ್ಯಾಂಟೀನ್ ಫ್ರಿಜ್‌ನಲ್ಲಿ ಅಕ್ಕಪಕ್ಕ ಎರಡು ಬಾಟಲಿ ಇವೆ ಅಂದುಕೊಳ್ಳಿ. ಒಂದು ಗ್ಯಾಸ್ ಇಲ್ಲದ ಮಾವಿನಹಣ್ಣಿನ ಡ್ರಿಂಕ್. 100 ಮಿ.ಲೀ.ಗೆ 13 ಗ್ರಾಂ ಸಕ್ಕರೆ. ಇನ್ನೊಂದು 'ಝೀರೋ ಶುಗರ್' ಕೋಲಾ. ಸಕ್ಕರೆ ಸೊನ್ನೆ. ಈಗ ಒಂದು ಸಣ್ಣ ಕ್ವಿಜ್: ಯಾವುದರ ಮೇಲೆ ಜಿಎಸ್‌ಟಿ ಜಾಸ್ತಿ?

ಉತ್ತರ: ಸಕ್ಕರೆ ಇಲ್ಲದ ಕೋಲಾ ಮೇಲೆ ಶೇ. 40. ಸಕ್ಕರೆ ತುಂಬಿದ ಮಾವಿನ ಡ್ರಿಂಕ್ ಮೇಲೆ ಶೇ. 5. ಇದು 2025ರ ಸೆಪ್ಟೆಂಬರ್ 22ರಿಂದ ಜಾರಿಯಲ್ಲಿರುವ ದರ. ಅದಕ್ಕೆ ಮುಂಚೆಯೂ ಕೋಲಾಗೆ ಶೇ. 28 ಜಿಎಸ್‌ಟಿ, ಮೇಲೆ ಶೇ. 12 ಸೆಸ್, ಒಟ್ಟು 40 ಇತ್ತು. ಹಣ್ಣಿನ ಡ್ರಿಂಕ್‌ಗೆ ಶೇ. 12 ಇತ್ತು. ಅಂದರೆ ಎರಡರ ನಡುವಿನ ಅಂತರ ಈಗ ಇನ್ನೂ ಜಾಸ್ತಿಯಾಗಿದೆ.

ಮೊದಲ ಸಲ ಇದನ್ನು ಓದಿದಾಗ ನಾನು ತಪ್ಪು ಓದಿದೆ ಅಂದುಕೊಂಡೆ. ತಪ್ಪಿಲ್ಲ. ನಮ್ಮ ತೆರಿಗೆ ಸಕ್ಕರೆಯನ್ನು ಅಳೆಯುವುದೇ ಇಲ್ಲ, ಗುಳ್ಳೆಯನ್ನು ನೋಡುತ್ತದೆ. ಆ ಒಂದು ಸಂಗತಿಯಿಂದ ಶುರುವಾದ ಓದು ಈ ಲೇಖನ. ಬೊಜ್ಜು ತಡೆಯಲು ಬೇರೆ ಬೇರೆ ದೇಶಗಳು ಯಾವ ಕಾನೂನು ಮಾಡಿವೆ, ಯಾವುದು ಕೆಲಸ ಮಾಡಿತು, ಯಾಕೆ ಮಾಡಿತು ಅನ್ನೋದನ್ನ ನಮಗೆ ಗೊತ್ತಿರುವ ಭಾಷೆಯಲ್ಲೇ, ಅಂದರೆ ಗ್ರಾಫ್ ಮತ್ತು ಸ್ಲೋಪ್ ಭಾಷೆಯಲ್ಲಿ ನೋಡೋಣ.

ಕಾನೂನು ಯಾಕೆ ಬೇಕು?

ಹಾಸ್ಟೆಲ್‌ನಲ್ಲಿ ಫಸ್ಟ್ ಇಯರ್ ಮುಗಿಯುವಷ್ಟರಲ್ಲಿ ಜೀನ್ಸ್ ಟೈಟ್ ಆಗದವರು ಕಡಿಮೆ. ಯಾರಾದರೂ ಸ್ವಲ್ಪ ಜಾಸ್ತಿ ದಪ್ಪ ಆದರೆ 'ಡುಮ್ಮ' ಅಂತ ಹೆಸರಿಟ್ಟು ಬಿಡ್ತೀವಿ. ಜೊತೆಗೆ ಫ್ರೀ ಸಲಹೆ ಬೇರೆ: "ಬಾಯಿ ಕಟ್ಟು ಮಗಾ, ಜಿಮ್ಮಿಗೆ ಹೋಗು." ಅದೇ ಹುಡುಗ ರಾತ್ರಿ 11ಕ್ಕೆ ಅಸೈನ್‌ಮೆಂಟ್ ಬರೆಯುತ್ತಾ ಹಸಿವಾದಾಗ ಸುತ್ತಮುತ್ತ ಏನು ಸಿಗುತ್ತೆ ಅಂತ ಯಾರೂ ಕೇಳಲ್ಲ. ಚಿಪ್ಸ್, ಬಿಸ್ಕೆಟ್, ಕೂಲ್ ಡ್ರಿಂಕ್ಸ್ ಸಿಗುತ್ತೆ. ಹೆಚ್ಚೆಂದರೆ ನೂಡಲ್ಸ್.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 24, ಪುರುಷರಲ್ಲಿ ಸುಮಾರು ಶೇ. 23 ಜನರ ಬಿಎಂಐ 25 ಅಥವಾ ಅದಕ್ಕಿಂತ ಹೆಚ್ಚು. ಕರ್ನಾಟಕದಲ್ಲಿ ಇಬ್ಬರಲ್ಲೂ ಇದು ಸುಮಾರು ಶೇ. 30. ಹತ್ತರಲ್ಲಿ ಮೂರು ಜನ ಒಟ್ಟಿಗೆ ಸೋಮಾರಿಗಳಾದರು ಅಂತ ಹೇಳಲು ಆಗುತ್ತಾ? ಕೆಲವು ದಶಕಗಳಲ್ಲಿ ಮನುಷ್ಯರ ಮನಸ್ಸು ಅಷ್ಟು ಬದಲಾಗಲ್ಲ. ಸುತ್ತಲಿನ ಆಹಾರ ಬದಲಾಗಿದೆ, ಅದರ ಬೆಲೆ ಬದಲಾಗಿದೆ, ಜಾಹೀರಾತು ಬದಲಾಗಿದೆ.

ಮನೆಯ ವೈರಿಂಗ್ ನೆನಪಿಸಿಕೊಳ್ಳಿ. "ಗೀಸರ್, ಇಸ್ತ್ರಿಪೆಟ್ಟಿಗೆ, ಮಿಕ್ಸಿ ಒಟ್ಟಿಗೆ ಹಾಕಬೇಡಿ" ಅಂತ ಗೋಡೆ ಮೇಲೆ ಬೋರ್ಡ್ ಹಾಕಿ ಸುಮ್ಮನಾಗಲ್ಲ. ಎಂಸಿಬಿ ಹಾಕ್ತೀವಿ. ಮನುಷ್ಯ ತಪ್ಪು ಮಾಡೇ ಮಾಡ್ತಾನೆ ಅಂತ ಒಪ್ಪಿಕೊಂಡು ಸಿಸ್ಟಮ್ ಡಿಸೈನ್ ಮಾಡೋದು ಇಂಜಿನಿಯರಿಂಗ್‌ನ ಮೊದಲ ಪಾಠ. ಸಾರ್ವಜನಿಕ ಆರೋಗ್ಯದ ಕಾನೂನು ಮಾಡಬೇಕಾದ್ದೂ ಅದನ್ನೇ. ಆದರೆ ಎಂಸಿಬಿ ರೇಟಿಂಗ್ ತಪ್ಪಾದರೆ ಏನಾಗುತ್ತೆ ಅಂತ ನಮಗೆ ಗೊತ್ತು. ಕಾನೂನಿನ ವಿಷಯದಲ್ಲೂ ಹಾಗೇ.

ಮೊದಲ ಗ್ರಾಫ್: ಮೆಕ್ಸಿಕೋ

x ಅಕ್ಷದಲ್ಲಿ ಪಾನೀಯದ ಸಕ್ಕರೆ, 100 ಮಿ.ಲೀ.ಗೆ ಎಷ್ಟು ಗ್ರಾಂ ಅಂತ. y ಅಕ್ಷದಲ್ಲಿ ಒಂದು ಲೀಟರ್ ಮೇಲಿನ ತೆರಿಗೆ. ಈ ಗ್ರಾಫ್ ಒಂದನ್ನು ನೋಟ್‌ಬುಕ್‌ನ ಕೊನೇ ಪೇಜಲ್ಲಿ ಬರೆದಿಟ್ಟುಕೊಳ್ಳಿ, ಮುಂದೆ ಎಲ್ಲದಕ್ಕೂ ಬೇಕು.

ಮೆಕ್ಸಿಕೋ ಜಗತ್ತಿನಲ್ಲೇ ಅತಿ ಹೆಚ್ಚು ಸೋಡಾ ಕುಡಿಯುವ ದೇಶಗಳಲ್ಲಿ ಒಂದು. 2014ರ ಜನವರಿ 1ರಿಂದ ಅಲ್ಲಿ ಸಕ್ಕರೆ ಸೇರಿಸಿದ ಪಾನೀಯಕ್ಕೆ ಲೀಟರಿಗೆ 1 ಪೆಸೊ ತೆರಿಗೆ ಹಾಕಿದರು. ಬೆಲೆ ಹೆಚ್ಚುಕಡಿಮೆ ಶೇ. 10 ಏರಿತು. ಮೊದಲ ವರ್ಷ ಇಂಥ ಪಾನೀಯಗಳ ಖರೀದಿ, ತೆರಿಗೆ ಇಲ್ಲದಿದ್ದರೆ ಎಷ್ಟಿರುತ್ತಿತ್ತೋ ಅದಕ್ಕಿಂತ ಶೇ. 5.5 ಕಡಿಮೆಯಾಯ್ತು. ಎರಡನೇ ವರ್ಷ ಶೇ. 9.7. ಕಡಿಮೆ ಆದಾಯದ ಮನೆಗಳಲ್ಲಿ ಇಳಿಕೆ ಇನ್ನೂ ಜಾಸ್ತಿ ಇತ್ತು.

ಆಗಿನ ಗ್ರಾಫ್ ಹೇಗಿತ್ತು? ಸಕ್ಕರೆ ಸೊನ್ನೆ ಇದ್ದರೆ ತೆರಿಗೆಯೂ ಸೊನ್ನೆ ಇತ್ತು. ಸ್ವಲ್ಪ ಸೇರಿಸಿದರೂ 1 ಪೆಸೊ. ಆಮೇಲೆ ಗೆರೆ ಮಲಗಿಬಿಡುತ್ತಿತ್ತು. 11 ಗ್ರಾಂ ಇದ್ದರೂ 1 ಪೆಸೊ, 6 ಗ್ರಾಂ ಇದ್ದರೂ 1 ಪೆಸೊ. ಅಂದರೆ ಕಂಪನಿ ಕಷ್ಟಪಟ್ಟು ಸಕ್ಕರೆ ಅರ್ಧಕ್ಕಿಳಿಸಿದರೆ ಅದಕ್ಕೆ ಸಿಗುವ ಲಾಭ ಸೊನ್ನೆ. ಈ ಕಾನೂನು ಕುಡಿಯುವವನ ಜೊತೆ ಮಾತಾಡಿತು, ತಯಾರಿಸುವವನ ಜೊತೆ ಅಷ್ಟಾಗಿ ಮಾತಾಡಲಿಲ್ಲ.

ಎರಡನೇ ಗ್ರಾಫ್: ಬ್ರಿಟನ್

2016ರ ಮಾರ್ಚ್ ಬಜೆಟ್‌ನಲ್ಲಿ ಬ್ರಿಟನ್ನಿನ ಹಣಕಾಸು ಸಚಿವ ಜಾರ್ಜ್ ಆಸ್ಬಾರ್ನ್ ತಂಪು ಪಾನೀಯದ ಲೆವಿ ಘೋಷಿಸಿದರು. ಜಾರಿ ಆಗಿದ್ದು 2018ರ ಏಪ್ರಿಲ್ 6ಕ್ಕೆ. ನಡುವೆ ಎರಡು ವರ್ಷ ಟೈಮ್ ಕೊಟ್ಟರು. ಇದನ್ನ ಮರೆಯಬೇಡಿ, ಆಮೇಲೆ ಬರುತ್ತೆ.

2018ರಲ್ಲಿ ಜಾರಿಯಾದಾಗ ನಿಯಮ ಸರಳವಾಗಿತ್ತು. 100 ಮಿ.ಲೀ.ಗೆ 5 ಗ್ರಾಂಗಿಂತ ಕಡಿಮೆ ಸಕ್ಕರೆ: ತೆರಿಗೆ ಇಲ್ಲ. 5ರಿಂದ 8ರ ಒಳಗೆ: ಲೀಟರಿಗೆ 18 ಪೆನ್ಸ್. 8 ಮತ್ತು ಮೇಲೆ: 24 ಪೆನ್ಸ್. ಗ್ರಾಫ್ ಬರೆದರೆ ಎರಡು ಮೆಟ್ಟಿಲು. ನಮ್ಮ ಸ್ಟೆಪ್ ಫಂಕ್ಷನ್ ಎರಡು ಸಲ.

ಈಗ ನೀವು ಆಗಿನ ಪಾನೀಯ ಕಂಪನಿಯ ಮ್ಯಾನೇಜರ್ ಅಂದುಕೊಳ್ಳಿ. ನಿಮ್ಮ ಡ್ರಿಂಕ್‌ನಲ್ಲಿ 11 ಗ್ರಾಂ ಇದೆ. ಲೀಟರಿಗೆ 24 ಪೆನ್ಸ್ ಕಟ್ಟಬೇಕು. 7ಕ್ಕೆ ಇಳಿಸಿದರೆ 6 ಪೆನ್ಸ್ ಉಳಿಯುತ್ತೆ. 4.9ಕ್ಕೆ ಇಳಿಸಿದರೆ ಪೂರ್ತಿ 24 ಪೆನ್ಸ್ ಉಳಿಯುತ್ತೆ. ನೀವೇನು ಮಾಡ್ತೀರಿ?

ಅವರೂ ಅದನ್ನೇ ಮಾಡಿದರು. ಸ್ಕಾಟ್ಲೆಂಡಿನ ಜನರ ಅಚ್ಚುಮೆಚ್ಚಿನ ಐರ್ನ್-ಬ್ರೂ ಅನ್ನೋ ಕಿತ್ತಳೆ ಬಣ್ಣದ ಡ್ರಿಂಕ್‌ನಲ್ಲಿ 10.3 ಗ್ರಾಂ ಇತ್ತು. 2018ರ ಆರಂಭದಲ್ಲಿ ಅದನ್ನು 4.7ಕ್ಕೆ ಇಳಿಸಿದರು. ಹಳೇ ರುಚಿಗಾಗಿ ಜನ ಬಾಟಲಿಗಳನ್ನು ಡಬ್ಬಿ ಡಬ್ಬಿ ತುಂಬಿಸಿಟ್ಟುಕೊಂಡರು, ರೆಸಿಪಿ ಮುಟ್ಟಬೇಡಿ ಅಂತ ಸಹಿ ಸಂಗ್ರಹವೂ ನಡೆಯಿತು. ಲೂಕೋಝೇಡ್, ರೈಬೀನಾ, ಫ್ಯಾಂಟಾ ಕೂಡ 5ರ ಕೆಳಗೆ ಬಂದವು. ಕೋಕಾ-ಕೋಲಾ ಮಾತ್ರ ತನ್ನ ಹಳೇ ರೆಸಿಪಿ ಬಿಡಲಿಲ್ಲ, ತೆರಿಗೆ ಕಟ್ಟಿತು.

ಲೆವಿ ಶುರುವಾಗುವ ಹೊತ್ತಿಗೇ ಅರ್ಧಕ್ಕಿಂತ ಹೆಚ್ಚು ತಯಾರಕರು ಸಕ್ಕರೆ ಇಳಿಸಿದ್ದರು. ಮೊದಲು 52 ಕೋಟಿ ಪೌಂಡ್ ಬರುತ್ತೆ ಅಂತ ಸರ್ಕಾರ ಅಂದಾಜು ಮಾಡಿತ್ತು, ಆಮೇಲೆ ಅದನ್ನು 24 ಕೋಟಿಗೆ ಇಳಿಸಬೇಕಾಯ್ತು. ಸಾಮಾನ್ಯವಾಗಿ ತೆರಿಗೆ ಕಡಿಮೆ ಬಂದರೆ ಸೋಲು. ಇಲ್ಲಿ ಅದೇ ಗೆಲುವು. 2015ರಿಂದ 2019ರ ಒಳಗೆ ಈ ವರ್ಗದ ಪಾನೀಯಗಳ ಸರಾಸರಿ ಸಕ್ಕರೆ ಶೇ. 40ಕ್ಕಿಂತ ಹೆಚ್ಚು ಇಳಿಯಿತು. ಮುಖ್ಯವಾದ ಮಾತು: ಇದಕ್ಕಾಗಿ ಯಾವ ಗ್ರಾಹಕನೂ ಮನಸ್ಸು ಗಟ್ಟಿ ಮಾಡಬೇಕಾಗಿರಲಿಲ್ಲ. ಅದೇ ಅಂಗಡಿ, ಅದೇ ಬಾಟಲಿ, ಒಳಗೆ ಸಕ್ಕರೆ ಅರ್ಧ.

ಬೊಜ್ಜು ಕಡಿಮೆ ಆಯ್ತಾ? ಇಲ್ಲಿ ಪ್ರಾಮಾಣಿಕವಾಗಿ ಇರಬೇಕು. 2023ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದವರ ಅಧ್ಯಯನ ಪ್ರಕಟವಾಯಿತು. 10-11 ವರ್ಷದ ಹುಡುಗಿಯರಲ್ಲಿ ಬೊಜ್ಜಿನ ಪ್ರಮಾಣ, ಲೆವಿ ಇಲ್ಲದಿದ್ದರೆ ಎಷ್ಟಿರುತ್ತಿತ್ತೋ ಅದಕ್ಕಿಂತ ಸುಮಾರು ಶೇ. 8 ಕಡಿಮೆ ಇತ್ತು. ಅದೇ ವಯಸ್ಸಿನ ಹುಡುಗರಲ್ಲಿ ಅಂಥ ಇಳಿಕೆ ಕಾಣಲಿಲ್ಲ, 4-5 ವರ್ಷದ ಮಕ್ಕಳಲ್ಲೂ ಕಾಣಲಿಲ್ಲ. ಒಂದು ಕಾನೂನು ಎಲ್ಲವನ್ನೂ ಸರಿಮಾಡಲ್ಲ. ಆದರೆ ಬರೀ ತಂಪು ಪಾನೀಯ ಮುಟ್ಟಿ ಇಷ್ಟಾಯಿತು ಅಂದರೆ ಸಣ್ಣದಲ್ಲ.

ಮೆಟ್ಟಿಲಿಗೆ ಒಂದು ದೌರ್ಬಲ್ಯವೂ ಇದೆ, ನೀವು ಆಗಲೇ ಗಮನಿಸಿರಬಹುದು. ಎಲ್ಲರೂ 5ರ ಕೆಳಗೆ ಬಂದು ಅಲ್ಲೇ ಗುಂಪಾಗಿ ನಿಂತರು. 4.7, 4.5, 4.6. 4.9ರಿಂದ 3ಕ್ಕೆ ಇಳಿಯಲು ಯಾವ ಕಾರಣವೂ ಇಲ್ಲ, ಯಾಕಂದರೆ ಅಲ್ಲಿ ಸ್ಲೋಪ್ ಸೊನ್ನೆ. 2028ರ ಜನವರಿಯಿಂದ ಕೆಳಗಿನ ಮಿತಿಯನ್ನು 4.5ಕ್ಕೆ ಇಳಿಸುವುದಾಗಿ, ಪ್ಯಾಕ್ ಮಾಡಿದ ಸಕ್ಕರೆ ಹಾಲಿನ ಪಾನೀಯಗಳನ್ನೂ ಸೇರಿಸುವುದಾಗಿ ಬ್ರಿಟನ್ ಸರ್ಕಾರ 2025ರ ನವೆಂಬರ್‌ನಲ್ಲಿ ಘೋಷಿಸಿತು.

ಮೂರನೇ ಗ್ರಾಫ್: ದಕ್ಷಿಣ ಆಫ್ರಿಕಾ

ಮೆಟ್ಟಿಲಿನ ಬದಲು ರ‍್ಯಾಂಪ್ ಹಾಕಿದರೆ? ದಕ್ಷಿಣ ಆಫ್ರಿಕಾ 2018ರ ಏಪ್ರಿಲ್ 1ರಿಂದ ಅದನ್ನೇ ಮಾಡಿತು. 100 ಮಿ.ಲೀ.ಗೆ ಮೊದಲ 4 ಗ್ರಾಂ ಫ್ರೀ. ಅದರ ಮೇಲಿನ ಪ್ರತಿ ಗ್ರಾಂಗೆ ಆರಂಭದಲ್ಲಿ 2.1 ಸೆಂಟ್ ಇತ್ತು.

ಲೆಕ್ಕ ಮಾಡೋಣ. 11 ಗ್ರಾಂ ಇರುವ ಡ್ರಿಂಕ್ ಒಂದು ಲೀಟರ್. 4 ಕಳೆದರೆ 7. ಲೀಟರಿಗೆ 70 ಗ್ರಾಂ. 70 × 2.1 = 147 ಸೆಂಟ್, ಅಂದರೆ 1.47 ರ‍್ಯಾಂಡ್. ಕಂಪನಿ 11ರಿಂದ 10ಕ್ಕೆ ಇಳಿಸಿದರೆ 126 ಸೆಂಟ್. ಒಂದೇ ಗ್ರಾಂ ಇಳಿಸಿದರೂ ಲೀಟರಿಗೆ 21 ಸೆಂಟ್ ಉಳಿಯಿತು. 9ಕ್ಕೆ ಇಳಿಸಿದರೆ ಇನ್ನೊಂದು 21. ಪ್ರತಿ ಗ್ರಾಂಗೂ ಬೆಲೆ ಇದೆ, ಅಂದರೆ 4ರ ತನಕ ಎಲ್ಲೂ ಸ್ಲೋಪ್ ಸೊನ್ನೆಯಾಗಲ್ಲ. ಡೆರಿವೇಟಿವ್ ಅಂದ್ರೆ ಎಕ್ಸಾಮ್‌ಗೆ ಮಾತ್ರ ಅಂದುಕೊಂಡಿದ್ದವರು ಇದನ್ನ ಇನ್ನೊಂದು ಸಲ ಓದಿ.

ನಾಲ್ಕನೇ ಗ್ರಾಫ್: ನಮ್ಮದು

ಈಗ ಭಾರತದ ಗೆರೆ ಎಳೆಯಿರಿ. ಗ್ಯಾಸ್ ಇರುವ ಸಿಹಿ ಪಾನೀಯದ ತೆರಿಗೆ ಮುಂಚಿನ ಬೆಲೆ 50 ರೂಪಾಯಿ ಅಂದುಕೊಂಡರೆ ತೆರಿಗೆ 20 ರೂಪಾಯಿ. ಸಕ್ಕರೆ 13 ಗ್ರಾಂ ಇದ್ದರೂ 20. 5 ಇದ್ದರೂ 20. ಸೊನ್ನೆ ಇದ್ದರೂ 20. ಪೂರ್ತಿ ಅಡ್ಡ ಗೆರೆ. ಹಣ್ಣಿನ ಡ್ರಿಂಕ್‌ನದು ಇನ್ನೊಂದು ಅಡ್ಡ ಗೆರೆ, 2.50 ರೂಪಾಯಿ ಎತ್ತರದಲ್ಲಿ. ಅಲ್ಲೂ ಸಕ್ಕರೆ ಎಷ್ಟಿದ್ದರೂ ಅಷ್ಟೇ.

ಇದರ ಜೊತೆ ಇನ್ನೊಂದು ವಿಚಾರ. ನಮ್ಮ ತೆರಿಗೆ ಬೆಲೆಯ ಮೇಲೆ ಹಾಕುವುದು, ಪ್ರಮಾಣದ ಮೇಲೆ ಅಲ್ಲ. ದೊಡ್ಡ ಫ್ಯಾಮಿಲಿ ಬಾಟಲಿಯಲ್ಲಿ ಲೀಟರಿನ ಬೆಲೆ ಅಗ್ಗ. ಹಾಗಾಗಿ ಲೀಟರಿಗೆ ಬೀಳುವ ತೆರಿಗೆಯೂ ಕಡಿಮೆ. ಜಾಸ್ತಿ ಕೊಂಡವನಿಗೆ ಗ್ರಾಂ ಲೆಕ್ಕದಲ್ಲಿ ಡಿಸ್ಕೌಂಟ್!

ಶೇ. 40 ಅನ್ನೋದು ಜಗತ್ತಿನ ಲೆಕ್ಕದಲ್ಲಿ ಸಣ್ಣ ತೆರಿಗೆ ಅಲ್ಲ, ಮೆಕ್ಸಿಕೋದ 2014ರ ತೆರಿಗೆಯ ಸುಮಾರು ನಾಲ್ಕು ಪಟ್ಟು. ಎತ್ತರ ಸಾಕಷ್ಟಿದೆ, ಸ್ಲೋಪ್ ಮಾತ್ರ ಇಲ್ಲ. ಇಷ್ಟು ದೊಡ್ಡ ತೆರಿಗೆ ಇಟ್ಟುಕೊಂಡೂ ಒಂದು ಗ್ರಾಂ ಸಕ್ಕರೆ ತೆಗೆಯಿರಿ ಅಂತ ಕಂಪನಿಗೆ ಹೇಳೋಕೆ ಆಗ್ತಿಲ್ಲ. ಅದೇ ಹಣವನ್ನು ಸಕ್ಕರೆಯ ಗ್ರಾಂ ಲೆಕ್ಕದಲ್ಲಿ ವಸೂಲಿ ಮಾಡಿದರೆ ಸಾಕು, ಹೊಸ ತೆರಿಗೆಯೇ ಬೇಡ. ಈ ಲೇಖನದಲ್ಲಿ ನಾನು ಹೇಳಬೇಕಾದ ಒಂದೇ ಮಾತು ಇದು.

ಬೆಲೆ ಬಿಟ್ಟು ಬೇರೆ ದಾರಿ: ಚಿಲಿ

ಎಲ್ಲವನ್ನೂ ತೆರಿಗೆಯಿಂದಲೇ ಮಾಡಬೇಕಾಗಿಲ್ಲ. ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ 2012ರಲ್ಲಿ ಒಂದು ಕಾನೂನು ಪಾಸಾಯ್ತು, 2016ರ ಜೂನ್‌ನಲ್ಲಿ ಜಾರಿಗೆ ಬಂತು. ಸಕ್ಕರೆ, ಉಪ್ಪಿನ ಸೋಡಿಯಂ, ಸ್ಯಾಚುರೇಟೆಡ್ ಕೊಬ್ಬು, ಕ್ಯಾಲರಿ: ಇವುಗಳಲ್ಲಿ ಯಾವುದು ಮಿತಿ ಮೀರಿದರೂ ಪ್ಯಾಕೆಟ್‌ನ ಮುಂಭಾಗದಲ್ಲೇ ಕಪ್ಪು ಎಂಟುಮೂಲೆ ಮುದ್ರೆ ಇರಬೇಕು. ರಸ್ತೆಯ ಸ್ಟಾಪ್ ಬೋರ್ಡ್ ಆಕಾರ. ಓದು ಬಾರದ ಮಗುವಿಗೂ ಅರ್ಥವಾಗುತ್ತೆ.

ಮುದ್ರೆ ಬಿದ್ದ ತಿಂಡಿಯನ್ನು ಶಾಲೆಯಲ್ಲಿ ಮಾರುವಂತಿಲ್ಲ. 14 ವರ್ಷದೊಳಗಿನ ಮಕ್ಕಳಿಗೆ ಜಾಹೀರಾತು ಮಾಡುವಂತಿಲ್ಲ. ಸೀರಿಯಲ್ ಡಬ್ಬಿಯ ಕಾರ್ಟೂನ್ ಹುಲಿ ಕೂಡ ಮಾಯವಾಯ್ತು. ಮಿತಿಗಳನ್ನು ಒಮ್ಮೆಲೇ ಬಿಗಿ ಮಾಡಲಿಲ್ಲ. ಘನ ಆಹಾರಕ್ಕೆ 100 ಗ್ರಾಂಗೆ ಸಕ್ಕರೆಯ ಮಿತಿ 2016ರಲ್ಲಿ 22.5 ಗ್ರಾಂ, ಕೊನೆಯ ಹಂತದಲ್ಲಿ 2019ಕ್ಕೆ 10 ಗ್ರಾಂ. ಬ್ರಿಟನ್ ಎರಡು ವರ್ಷ ಟೈಮ್ ಕೊಟ್ಟಿದ್ದು ನೆನಪಿದೆಯಲ್ಲ? ಅದೇ ತತ್ವ. ರೆಸಿಪಿ ಬದಲಿಸಲು ಲ್ಯಾಬ್‌ನಲ್ಲಿ ಸಮಯ ಬೇಕು. ಡೆಡ್‌ಲೈನ್ ಇಲ್ಲದಿದ್ದರೆ ಯಾರೂ ಶುರು ಮಾಡಲ್ಲ, ನಾಳೆಯೇ ಡೆಡ್‌ಲೈನ್ ಅಂದರೆ ಯಾರಿಗೂ ಮುಗಿಸೋಕಾಗಲ್ಲ. ಇದನ್ನ ನಮಗಿಂತ ಚೆನ್ನಾಗಿ ಯಾರು ಬಲ್ಲರು?

ಜಾರಿಯಾದ ಮೇಲೆ ಮುದ್ರೆ ಬಿದ್ದ ಪಾನೀಯಗಳ ಖರೀದಿ ಸುಮಾರು ಶೇ. 24 ಇಳಿಯಿತು ಅಂತ 2020ರ ಒಂದು ಅಧ್ಯಯನ ಅಂದಾಜಿಸಿದೆ.

ನಮ್ಮಲ್ಲಿ ಏನಿದೆ? ಒಟ್ಟು ಸಕ್ಕರೆ, ಸೇರಿಸಿದ ಸಕ್ಕರೆ ಎರಡನ್ನೂ ಲೇಬಲ್‌ನಲ್ಲಿ ಬರೆಯಬೇಕು, ಆದರೆ ಅದು ಹಿಂಭಾಗದಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ. 2022ರಲ್ಲಿ ಎಫ್ಎಸ್ಎಸ್ಎಐ ಮುಂಭಾಗದ ಲೇಬಲ್‌ಗೆ ಕರಡು ತಂದಿತು. ಅದರಲ್ಲಿದ್ದದ್ದು ಕಪ್ಪು ಮುದ್ರೆಯಲ್ಲ, ಸ್ಟಾರ್ ರೇಟಿಂಗ್. ಸ್ಟಾರ್‌ನಲ್ಲಿ ಒಂದು ತೊಂದರೆ ಇದೆ: ತೀರಾ ಕೆಟ್ಟ ತಿಂಡಿಗೂ ಅರ್ಧ ಸ್ಟಾರ್ ಸಿಗುತ್ತೆ. ಸ್ಟಾರ್ ಅಂದರೆ ನಮಗೆ ಬಹುಮಾನ, ಎಚ್ಚರಿಕೆ ಅಲ್ಲ. ವೈವಾದಲ್ಲಿ ಫೇಲ್ ಆದವನಿಗೆ ಚಿಕ್ಕ ಟ್ರೋಫಿ ಕೊಟ್ಟ ಹಾಗೆ.

ಬೀಳುವುದು ಹೇಗೆ?

ಸೋತ ಡಿಸೈನ್‌ಗಳೂ ಪಾಠ ಹೇಳುತ್ತವೆ. ಡೆನ್ಮಾರ್ಕ್ 2011ರ ಅಕ್ಟೋಬರ್‌ನಲ್ಲಿ ಸ್ಯಾಚುರೇಟೆಡ್ ಕೊಬ್ಬಿನ ಮೇಲೆ ತೆರಿಗೆ ತಂದಿತು, ಕೆಜಿಗೆ 16 ಕ್ರೋನ. ಗ್ರಾಂ ಲೆಕ್ಕವೇ, ಸ್ಲೋಪ್ ಚೆನ್ನಾಗಿಯೇ ಇತ್ತು. ಆದರೆ ಬೆಣ್ಣೆ, ಚೀಸ್, ಮಾಂಸ ಎಲ್ಲವೂ ಸಿಕ್ಕಿಹಾಕಿಕೊಂಡವು, ವ್ಯಾಪಾರಿಗಳಿಗೆ ಲೆಕ್ಕದ ತಲೆನೋವು, ಜನ ಗಡಿ ದಾಟಿ ಜರ್ಮನಿಯಲ್ಲಿ ಶಾಪಿಂಗ್ ಮಾಡುತ್ತಾರೆ ಅಂತ ಗಲಾಟೆ. 2013ರ ಜನವರಿಗೆ ತೆಗೆದುಹಾಕಿದರು. ಬೌಂಡರಿ ಕಂಡೀಷನ್ ನೋಡದೆ ಇಕ್ವೇಷನ್ ಬಿಡಿಸಿದರೆ ಹೀಗೇ ಆಗೋದು.

ನಮ್ಮ ಪಕ್ಕದ ಕೇರಳದಲ್ಲಿ 2016ರ ಬಜೆಟ್‌ನಲ್ಲಿ ಥಾಮಸ್ ಐಸಾಕ್ ಬರ್ಗರ್, ಪಿಜ್ಜಾ ಮುಂತಾದವುಗಳ ಮೇಲೆ ಶೇ. 14.5 'ಫ್ಯಾಟ್ ಟ್ಯಾಕ್ಸ್' ತಂದರು. ಅದು ಬ್ರ್ಯಾಂಡೆಡ್ ರೆಸ್ಟೋರೆಂಟ್‌ಗಳಿಗೆ ಮಾತ್ರ. ಬೇಕರಿಯ ಪಫ್ಸ್, ಎಣ್ಣೆಯಲ್ಲಿ ಕರಿದ ತಿಂಡಿಗೆ ಏನೂ ಇಲ್ಲ. ಅಂದರೆ x ಅಕ್ಷದಲ್ಲಿ ಕೊಬ್ಬು ಇರಲಿಲ್ಲ, ಅಂಗಡಿಯ ಬೋರ್ಡ್ ಇತ್ತು. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದ ಮೇಲೆ ಅದೂ ಮುಗಿಯಿತು.

ಕೆಲವು ಪ್ರಶ್ನೆಗಳು

"ತಿನ್ನೋದು ಬಿಡೋದು ನನ್ನಿಷ್ಟ, ಸರ್ಕಾರಕ್ಕೇನು?" ಒಳ್ಳೆಯ ಪ್ರಶ್ನೆ. ಬ್ರಿಟನ್‌ನಲ್ಲಾಗಲಿ ಚಿಲಿಯಲ್ಲಾಗಲಿ ದೊಡ್ಡವರಿಗೆ ಏನನ್ನೂ ನಿಷೇಧ ಮಾಡಿಲ್ಲ. ಹಳೇ ರೆಸಿಪಿಯ ಕೋಲಾ ಇವತ್ತೂ ಸಿಗುತ್ತೆ. ಇನ್ನೊಂದು ಮಾತು: ಪ್ಯಾಕೆಟ್ ಒಳಗೆ ಎಷ್ಟು ಸಕ್ಕರೆ ಇರಬೇಕು ಅಂತ ನಿರ್ಧಾರ ಮಾಡಿದ್ದು ನಾವಲ್ಲ, ಕಂಪನಿ. ನಮ್ಮ ಆಯ್ಕೆ ಶುರುವಾಗುವ ಮೊದಲೇ ಬೇರೆಯವರ ಆಯ್ಕೆ ಮುಗಿದಿರುತ್ತೆ.

"ಬಡವರಿಗೆ ಹೊರೆ ಅಲ್ವಾ?" ತೆರಿಗೆ ಬೆಲೆಯಾಗಿ ಬಂದರೆ ಹೊರೆ, ನಿಜ. ಅದಕ್ಕೇ ಸ್ಲೋಪ್ ಮುಖ್ಯ. ರೆಸಿಪಿ ಬದಲಾದರೆ ತೆರಿಗೆಯೂ ಇಲ್ಲ, ಬೆಲೆಯೂ ಏರಲ್ಲ. ಸಕ್ಕರೆ ಕಾಯಿಲೆ ಬಂದಮೇಲೆ ಔಷಧಿ ಖರ್ಚು ಯಾರಿಗೆ ಹೆಚ್ಚು ಹೊರೆ ಅನ್ನೋದನ್ನೂ ಇದೇ ಲೆಕ್ಕದಲ್ಲಿ ಸೇರಿಸಬೇಕು.

"ಸಕ್ಕರೆ ತೆಗೆದು ಕೃತಕ ಸಿಹಿ ಹಾಕಿದರೆ?" ಇದು ನಿಜವಾದ ಸಮಸ್ಯೆ. ಬ್ರಿಟನ್‌ನಲ್ಲಿ ಬಹಳ ಕಂಪನಿಗಳು ಹಾಗೇ ಮಾಡಿದವು. ತೂಕ ಇಳಿಸಲು ಕೃತಕ ಸಿಹಿ ಬಳಸಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಮಾರ್ಗಸೂಚಿ ಕೊಟ್ಟಿದೆ. ಹಾಗಾಗಿ ಮೊದಲಿನ ಝೀರೋ ಶುಗರ್ ಬಾಟಲಿ ಆರೋಗ್ಯದ ಟಾನಿಕ್ ಅಂತ ನಾನು ಹೇಳ್ತಿಲ್ಲ. ನೀರು, ಮಜ್ಜಿಗೆ ಇವುಗಳ ಜಾಗಕ್ಕೆ ಯಾವ ಬಾಟಲಿಯೂ ಬರಲ್ಲ. ಆದರೆ ಸಕ್ಕರೆಗೆ ಹಾಕಬೇಕಾದ ತೆರಿಗೆ ಸಕ್ಕರೆಯನ್ನೇ ಅಳೆಯಬೇಕು ಅನ್ನೋ ಮಾತು ಇದರಿಂದ ತಪ್ಪಾಗಲ್ಲ.

ನಮ್ಮ ಕ್ಯಾಂಪಸ್ಸಿಗೆ ಬಂದರೆ

2020ರ ಎಫ್ಎಸ್ಎಸ್ಎಐ ನಿಯಮದಂತೆ ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿಂಡಿಯನ್ನು ಶಾಲೆಯ ಕ್ಯಾಂಟೀನ್‌ನಲ್ಲಾಗಲಿ ಶಾಲೆಯ ಗೇಟಿನಿಂದ 50 ಮೀಟರ್ ಒಳಗಾಗಲಿ ಮಾರುವಂತಿಲ್ಲ. ಇದು ಶಾಲೆಗಳಿಗೆ. ಹದಿನೆಂಟು ತುಂಬಿ ಕಾಲೇಜು ಗೇಟ್ ದಾಟಿದ ನಮಗೆ ಯಾವ 50 ಮೀಟರೂ ಇಲ್ಲ.

ಹಾಗಂತ ಸುಮ್ಮನೆ ಕೂರಬೇಕಿಲ್ಲ. ಕ್ಯಾಂಟೀನ್ ಕಮಿಟಿ ಅನ್ನೋದೂ ಒಂದು ಪುಟ್ಟ ಸರ್ಕಾರವೇ. ಫ್ರಿಜ್‌ನಲ್ಲಿ ಕಣ್ಣಿನ ಎತ್ತರದ ಶೆಲ್ಫ್‌ಗೆ ಮಜ್ಜಿಗೆ, ಕೆಳಗಿನದಕ್ಕೆ ಕೂಲ್ ಡ್ರಿಂಕ್ಸ್ ಇಡಿ ಅಂತ ಕೇಳಬಹುದು. ರಾತ್ರಿ 11ರವರೆಗೆ ಬಾಳೆಹಣ್ಣು, ಬೇಯಿಸಿದ ಮೊಟ್ಟೆ, ಕಡಲೆಕಾಯಿ ಇಡಿ ಅಂತ ಕೇಳಬಹುದು. ಇದೂ ಪಾಲಿಸಿನೇ.

ಹೋಮ್‌ವರ್ಕ್

1. ಮುಂದಿನ ಸಲ ಕ್ಯಾಂಟೀನ್‌ಗೆ ಹೋದಾಗ ಐದು ಬಾಟಲಿಗಳ ಹಿಂದಿನ ಲೇಬಲ್ ಓದಿ, 100 ಮಿ.ಲೀ.ಗೆ ಎಷ್ಟು ಸಕ್ಕರೆ ಅಂತ ಬರೆದುಕೊಳ್ಳಿ. ದಿನಕ್ಕೆ 2000 ಕ್ಯಾಲರಿ ತಿನ್ನುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಗರಿಷ್ಠ ಮಿತಿ ಸುಮಾರು 50 ಗ್ರಾಂ, 25ರ ಒಳಗಿದ್ದರೆ ಇನ್ನೂ ಒಳ್ಳೇದು. ಒಂದು ಬಾಟಲಿ ಕುಡಿದರೆ ಇದರಲ್ಲಿ ಎಷ್ಟು ಭಾಗ ಮುಗಿಯುತ್ತೆ?

2. ಆ ಐದನ್ನೂ ನಾಲ್ಕು ಗ್ರಾಫ್‌ಗಳ ಮೇಲೆ ಗುರುತಿಸಿ. ಬ್ರಿಟನ್‌ನಲ್ಲಿ ಯಾವುದಕ್ಕೆ ತೆರಿಗೆ? ದಕ್ಷಿಣ ಆಫ್ರಿಕಾದಲ್ಲಿ ಎಷ್ಟು? ನಮ್ಮಲ್ಲಿ ಎಷ್ಟು?

3. ಭಾರತಕ್ಕೆ ನೀವಾದರೆ ಯಾವ ಗ್ರಾಫ್ ಬರೀತೀರಿ? ಮೆಟ್ಟಿಲಾ, ರ‍್ಯಾಂಪಾ? ಎಲ್ಲಿಂದ ಶುರು? ಹಣ್ಣಿನ ಡ್ರಿಂಕ್‌ನ ಸಕ್ಕರೆಯನ್ನು ಹೇಗೆ ಲೆಕ್ಕ ಹಾಕ್ತೀರಿ?

ನಿಮ್ಮ ಗ್ರಾಫ್‌ಗಳನ್ನು ಕನ್ನಡ ಸಂಘದ ಗ್ರೂಪ್‌ಗೆ ಕಳಿಸಿ, ಒಟ್ಟಿಗೆ ಕೂತು ಚರ್ಚೆ ಮಾಡೋಣ. ಅಲ್ಲಿಯವರೆಗೆ ಒಂದು ಕೋರಿಕೆ. ಪಕ್ಕದ ರೂಮಿನವನನ್ನು 'ಡುಮ್ಮ' ಅಂತ ಕರೆಯೋ ಮೊದಲು ನಮ್ಮ ಕ್ಯಾಂಟೀನ್ ಫ್ರಿಜ್ ಕಡೆ ಒಮ್ಮೆ ನೋಡಿ.